ಇಂಟರ್ವಲ್ ಆದ ಮೇಲೆ

"ಇಂಟರ್ವಲ್ ತನಕ ಮಾಮೂಲಿ ಪಿಕ್ಚರ್ ಮಾರಾಯ್ರೆ. ಇರುವುದೆಲ್ಲ ಆಮೇಲೆಯೇ," ಎಂದರು ಸುಧಾಕರ ರಾಯರು, ಕೌಂಟರಿನ ಮೇಲೆ ಎರಡೂ ಮೊಣಕೈ ಊರಿಕೊಂಡು. ಎದುರಿನ ಟೇಬಲಿನಲ್ಲಿದ್ದ ಕೃಷ್ಣಮೂರ್ತಿಗಳು ವಡೆ ಮುರಿಯುವುದನ್ನು ಅಷ್ಟಕ್ಕೇ ನಿಲ್ಲಿಸಿ ಕಿವಿಗೊಟ್ಟರು. ದಿಲ್ಲಿಯ ಕರೋಲ್ ಬಾಗಿನ ಆ ಇಡ್ಲಿ ಹೋಟೆಲಿನಲ್ಲಿ ಶನಿವಾರದ ಬೆಳಿಗ್ಗೆ ಎಂದರೆ ಹಾಗೆಯೇ. ಶುಕ್ರವಾರ ಬಿಡುಗಡೆಯಾದ ಹಿಂದಿ ಸಿನಿಮಾದ ಬಗ್ಗೆ ರಾಯರ ತೀರ್ಪು ಹೊರಬೀಳುವವರೆಗೆ ಹಳೇ ಗಿರಾಕಿಗಳು ಜಾಗ ಬಿಟ್ಟು ಏಳುತ್ತಿರಲಿಲ್ಲ.

ಮೂವತ್ತೊಂದು ವರ್ಷದಿಂದ ನಡೆದುಬಂದ ಕ್ರಮ ಅದು. ಉಡುಪಿ ಕಡೆಯಿಂದ ಬಂದು ಸೋದರಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬಲು ನಿಂತ ದಿನಗಳಲ್ಲಿ ರಾಯರಿಗೆ ಹಿಂದಿ ಕಲಿಸಿದ್ದೇ ಸಿನಿಮಾ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ನಡುವೆ ಒಂದಿಷ್ಟು ಬಿಡುವು ಸಿಗುತ್ತದೆ. ಶುಕ್ರವಾರದ ಆ ಬಿಡುವು ಮ್ಯಾಟಿನಿಗೆ ಮೀಸಲು. ಹೋಟೆಲು ಸ್ವಂತದ್ದಾಯಿತು, ಮದುವೆಯಾಯಿತು, ಎರಡು ಮಕ್ಕಳಾದವು, ಮ್ಯಾಟಿನಿ ಮಾತ್ರ ತಪ್ಪಲಿಲ್ಲ. ಯಾವುದೋ ಕೇಂದ್ರ ಸಚಿವಾಲಯದಲ್ಲಿ ಫೈಲು ನೋಡಿ ನಿವೃತ್ತರಾದ ಮೈಸೂರಿನ ಕೃಷ್ಣಮೂರ್ತಿಗಳಂತೂ ರಾಯರು "ಹೋಗಬಹುದು" ಎನ್ನದ ಸಿನಿಮಾಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದವರೇ ಅಲ್ಲ.

ಆದರೆ ಈಚೆಗೆ ಒಂದೆರಡು ವರ್ಷದಿಂದ ರಾಯರ ತೀರ್ಪು ಮೊದಲಿನಷ್ಟು ಖಡಕ್ಕಾಗಿ ಬರುತ್ತಿರಲಿಲ್ಲ. ಸಿನಿಮಾಗಳೇ ಕೆಟ್ಟವೋ, ತಮ್ಮ ತಲೆಯೇ ಹಳತಾಯಿತೋ ಅವರಿಗೆ ತಿಳಿಯುತ್ತಿರಲಿಲ್ಲ. ವಿಲನ್ ಎಂಬುವನೇ ಇಲ್ಲದ ಪಿಕ್ಚರು. ಜೀನ್ಸ್ ಹಾಕಿದ ತಾಯಿ. ತೆರೆಯ ಮೇಲೆ ಯಾರೂ ಬಾಯಿ ಆಡಿಸದೆ ಎಲ್ಲಿಂದಲೋ ಕೇಳಿಬರುವ ಹಾಡು. ಕೆಲವು ಸಿನಿಮಾಗಳು ಕೊನೆಯಿಂದ ಶುರುವಾಗಿ ಮೊದಲಿಗೆ ಬಂದು ಮುಗಿಯುತ್ತಿದ್ದವು. ಇನ್ನು ಕೆಲವುಗಳಲ್ಲಿ ನಾಲ್ಕು ಜೋಡಿಗಳ ನಾಲ್ಕು ಕಥೆ ಒಟ್ಟಿಗೇ ಓಡಿ, ಯಾವ ಗಂಡ ಯಾವ ಹೆಂಡತಿಗೆ ಸೇರಿದವನೆಂದು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಲೈಟು ಹತ್ತಿಬಿಡುತ್ತಿತ್ತು. "ಚೆನ್ನಾಗುಂಟು, ಆದರೆ ಎಂತದು ಅಂತ ಕೇಳಬೇಡಿ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಜಾರಿಕೊಳ್ಳುವುದನ್ನು ರಾಯರು ಕಲಿತಿದ್ದರು.

ಈ ಶನಿವಾರ ಮಾತ್ರ ಅವರಿಗೆ ಹಳೆಯ ಹುರುಪು ಬಂದಿತ್ತು.

"ಮಗ ಗಿಟಾರ್ ಬಾರಿಸುವವ. ಅಪ್ಪನಿಗೆ ದೊಡ್ಡ ಬಟ್ಟೆ ವ್ಯಾಪಾರ. ಪಾರ್ಟಿಯಲ್ಲಿ ನೂರು ಜನರ ಎದುರು ಅಪ್ಪ ಆ ಗಿಟಾರ್ ಮುರಿದು ಬಿಸಾಡ್ತಾನೆ. ಮಗ ಮನೆ ಬಿಟ್ಟು ಹೋಗ್ತಾನೆ. ಇಂಟರ್ವಲ್. ಇಷ್ಟು ನಾವು ಸಾವಿರ ಸಲ ನೋಡಿದ್ದೇ ಅಲ್ವಾ? ಇನ್ನು ಕೇಳಿ. ಆಮೇಲೆ ನೋಡಿದರೆ ಮಗ ಮಿಲಿಟ್ರಿಯಲ್ಲಿದ್ದಾನೆ! ಹೇಗೆ ಸೇರಿದ, ಯಾವಾಗ ಸೇರಿದ, ಡೈರೆಕ್ಟರು ಒಂದು ಮಾತು ಹೇಳುವುದಿಲ್ಲ. ಉದ್ದ ಕೂದಲಿಲ್ಲ, ಗಿಟಾರಿಲ್ಲ. ಹದಿನೈದು ವರ್ಷ ಆಗಿದೆ ಅಂತ ನಾವೇ ತಿಳಿದುಕೊಳ್ಳಬೇಕು. ಅಪ್ಪ ಆಸ್ಪತ್ರೆಯಲ್ಲಿ. ಗುರುತೇ ಸಿಕ್ಕುವುದಿಲ್ಲ. ಬೇರೆ ಆಕ್ಟರನ್ನೇ ಹಾಕಿದ್ದಾರೆ."

"ಬೇರೆ ಆಕ್ಟರಾ?" ಎಂದರು ಕೃಷ್ಣಮೂರ್ತಿಗಳು.

"ಮುದುಕ ಆದ ಮೇಲೆ ಮನುಷ್ಯ ಬೇರೆಯೇ ಅಲ್ವಾ ಮಾರಾಯ್ರೆ? ಅದನ್ನು ಹಾಗೆ ತೋರಿಸಿದ್ದು. ಮಗ ರಜೆ ಹಾಕಿ ಬರ್ತಾನೆ. ಬಂದವ ಹಳೇ ಸುದ್ದಿ ಒಂದೂ ಎತ್ತುವುದಿಲ್ಲ. ಮಂಚದ ಬದಿಯಲ್ಲಿ ಕೂತು ಚಮಚದಲ್ಲಿ ಖಿಚಡಿ ತಿನ್ನಿಸ್ತಾನೆ. ಅಪ್ಪ ತಿಂತಾನೆ. ಅಷ್ಟೇ. ಮ್ಯೂಸಿಕ್ ಕೂಡ ಇಲ್ಲ." ರಾಯರು ಒರೆಸಿದ್ದ ಕೌಂಟರನ್ನೇ ಇನ್ನೊಮ್ಮೆ ಒರೆಸಿದರು. "ನಾನು ಹೇಳಿದೆ ಅಂತ ಹೋಗಿ ಬನ್ನಿ. ನಿಮ್ಮ ಮನೆಯವರನ್ನೂ ಕರ್ಕೊಂಡು ಹೋಗಿ."

ಈ ಪಿಕ್ಚರು ರಾಯರಿಗೆ ಯಾಕಿಷ್ಟು ತಾಗಿತೆಂದು ಕೃಷ್ಣಮೂರ್ತಿಗಳಿಗೆ ಗೊತ್ತಿತ್ತು; ಆ ದಿನ ಅವರೂ ಅಲ್ಲೇ ಇದ್ದರು. ಹದಿನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರ, ಹೋಟೆಲು ಕಿಕ್ಕಿರಿದಿದ್ದಾಗ, ರಾಯರ ಮಗ ಹಿತೇಶ್ ದೋಸೆಯೊಳಗೆ ಬಟಾಟೆ ಪಲ್ಯದ ಬದಲು ಚೌಮೀನ್ ನೂಡಲ್ಸ್ ತುಂಬಿ, ಹೊಸ ಐಟಂ ಎಂದು ಎರಡು ಟೇಬಲಿಗೆ ಕಳಿಸಿದ್ದ. ದಿಲ್ಲಿಯ ಹುಡುಗರು ಬೆರಳು ಚೀಪುತ್ತ ತಿನ್ನುತ್ತಿದ್ದರು. ರಾಯರು ಅಡುಗೆಮನೆಗೆ ನುಗ್ಗಿ ಮೂರನೆಯ ಪ್ಲೇಟನ್ನು ಹೊರಗೆ ತಂದು, ಎಲ್ಲರೂ ನೋಡುತ್ತಿದ್ದ ಹಾಗೆಯೇ ಬಾಗಿಲ ಬಳಿಯ ಕಸದ ಡಬ್ಬಿಗೆ ಸುರಿದರು. "ನನ್ನ ಹಿಟ್ಟಿನೊಳಗೆ ಹುಳ ತುಂಬಿಸುವವ ನನ್ನ ಕಾವಲಿ ಮುಟ್ಟಬಾರದು," ಎಂದರು. ಹಿತೇಶ್ ಏಪ್ರನ್ ಬಿಚ್ಚಿ, ಮಡಚಿ, ಕೌಂಟರಿನ ಮೇಲಿಟ್ಟು ಹೊರಟುಹೋದ. ಈಗ ಇಂದಿರಾಪುರಂನ ಒಂದು ಮಾಲಿನ ಫುಡ್ ಕೋರ್ಟಿನಲ್ಲಿ ಅವನದೇ ದೋಸೆ ಕೌಂಟರು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುವುದು ಚೌಮೀನ್ ದೋಸೆಯೇ ಎಂದು ರಾಯರ ಹೆಂಡತಿ ಚಂಪಾ ಒಮ್ಮೆ ಬಾಯಿತಪ್ಪಿ ಹೇಳಿ, ಎರಡು ದಿನ ಗಂಡನ ಮೌನವ್ರತ ಅನುಭವಿಸಿದ್ದಳು.

ರಾಯರಿಗೆ ಮಗ ಬೇಕಿತ್ತು. ಬೆಳಿಗ್ಗೆ ಷಟರ್ ಎತ್ತುವಾಗ ಪಕ್ಕದಲ್ಲಿ ಅವನ ಕೈ ಇಲ್ಲದ್ದು ದಿನಾ ನೋಯುತ್ತಿತ್ತು. ಆದರೆ ತಪ್ಪಾಯಿತು ಎನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರೆದುರು ಹಾಗೆ ಸುರಿಯಬಾರದಿತ್ತು ಎಂದು ಒಂದೊಂದು ದಿನ ಅನಿಸುತ್ತಿತ್ತು. ಮರುದಿನ ದೋಸೆಯೊಳಗಿನ ಆ ಚೌಮೀನ್ ಕಣ್ಣ ಮುಂದೆ ಬಂದು, ಮಾಡಿದ್ದೇ ಸರಿ ಅನಿಸುತ್ತಿತ್ತು. ಹೀಗಿರುವಾಗ ಯಾರೂ ಯಾರ ಕ್ಷಮೆಯನ್ನೂ ಕೇಳದೆ, ಮಗ ತಾನಾಗಿ ಬಂದು ಸುಮ್ಮನೆ ಕೂರುವ ಸಿನಿಮಾ ಒಂದು ಬಂದಿದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರಿಗೆ ಇನ್ನೇನು ಬೇಕು? ಶುಕ್ರವಾರ ಸಿನಿಮಾ ಹಾಲಿನಲ್ಲಿ ರಾಯರು ಎಷ್ಟು ಅತ್ತರೆಂದರೆ ಪಕ್ಕದ ಸೀಟಿನ ಸರ್ದಾರ್ಜಿ ತನ್ನ ಕರವಸ್ತ್ರ ಕೊಟ್ಟಿದ್ದ.

ಶನಿವಾರ ಮಧ್ಯಾಹ್ನ ಅವರು ಚಂಪಾಳ ಮೊಬೈಲು ಇಸಿದುಕೊಂಡು ಹೋಟೆಲಿನ ಹಿಂದಿನ ಗಲ್ಲಿಗೆ ಹೋದರು.

"ನಾನು," ಎಂದರು.

ಆ ಕಡೆ ಏನೋ ಹುರಿಯುತ್ತಿದ್ದ ಸದ್ದು ನಿಂತಿತು. "ಪಪ್ಪಾ?"

"ನಿನ್ನೆ ಒಂದು ಪಿಕ್ಚರ್ ಬಂದಿದೆ. ಗಿಟಾರಿನದ್ದು. ಅದನ್ನು ನೋಡು. ನಾನು ನಿನ್ನ ಹತ್ರ ಎಂತ ಹೇಳಬೇಕು ಅಂತಿದ್ದೇನೋ ಅದೆಲ್ಲ ಇಂಟರ್ವಲ್ ಆದ ಮೇಲೆ ಉಂಟು. ಕೂತು ಪೂರಾ ನೋಡು."

ಮಗ ಇನ್ನೊಂದು ಮಾತು ಆಡುವುದರೊಳಗೆ ಫೋನು ಇಟ್ಟುಬಿಟ್ಟರು. ಒಳಗೆ ಬಂದು ಸಂಜೆಯ ಸಾಂಬಾರಿಗೆ ಎರಡು ಸಲ ಇಂಗು ಹಾಕಿದರು.

ಭಾನುವಾರ ಬೆಳಿಗ್ಗೆ ಕೃಷ್ಣಮೂರ್ತಿಗಳು ಟೇಬಲಿಗೆ ಹೋಗದೆ ನೇರವಾಗಿ ಕೌಂಟರಿಗೇ ಬಂದರು.

"ಏನ್ರೀ ರಾಯರೇ, ನೀವು ಯಾವ ಪಿಕ್ಚರ್ ನೋಡಿದ್ರಿ? ಮಿಲಿಟ್ರಿನೂ ಇಲ್ಲ, ಆಸ್ಪತ್ರೆನೂ ಇಲ್ಲ. ನಮ್ಮನೆಯವಳು ಕೊನೇವರೆಗೂ ಖಿಚಡಿ ಯಾವಾಗ ಬರುತ್ತೆ ಅಂತ ಕೇಳ್ತಾನೇ ಇದ್ಲು."

"ಇಂಟರ್ವಲ್‌ನಲ್ಲಿ ಎದ್ದು ಬಂದಿರ್ತೀರಿ."

"ಪೂರ್ತಿ ನೋಡಿದೀನ್ರೀ! ಹುಡುಗ ಲಂಡನ್ನಿಗೆ ಹೋಗಿ ದೊಡ್ಡ ಸಿಂಗರ್ ಆಗ್ತಾನೆ. ಕೊನೇಲಿ ಸ್ಟೇಡಿಯಂ ತುಂಬ ಜನ. ಅಪ್ಪ ಸ್ಟೇಜ್ ಹತ್ತಿ, ಮೈಕ್ ಹಿಡ್ಕೊಂಡು, ಮಗನಿಗೆ ಕೈ ಮುಗೀತಾನೆ. ನಿನ್ನನ್ನ ಎಲ್ಲರ ಮುಂದೆ ಅವಮಾನ ಮಾಡಿದ್ದೆ, ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ ಅಂತಾನೆ. ಹತ್ತು ನಿಮಿಷ ಅದೇ. ಮ್ಯೂಸಿಕ್ಕಂತೂ ಕಿವಿ ಕಿತ್ತುಹೋಗಬೇಕು."

"ಕೈ ಮುಗೀತಾನಾ? ಯಾರು, ಅಪ್ಪನಾ?"

"ಕಣ್ಣೀರು ಹಾಕ್ಕೊಂಡು!"

ರಾಯರು ಸ್ಟೂಲಿನ ಮೇಲೆ ಕೂತರು. ತಲೆಯೊಳಗೆ ಎಲ್ಲ ಕಲಸಿಹೋಯಿತು. ಖಿಚಡಿಯ ಚಮಚ, ಆಸ್ಪತ್ರೆಯ ಹಸಿರು ಪರದೆ, ಮುದುಕನ ಗಲ್ಲದ ಮೇಲೆ ಅಂಟಿದ ಅನ್ನದ ಅಗುಳು, ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. ಇಲ್ಲದ್ದನ್ನು ಕಂಡೆನೇ? ಅವರ ತಂದೆ ಕೊನೆಗಾಲದಲ್ಲಿ, ಸತ್ತುಹೋದ ತಮ್ಮನೊಡನೆ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ಅದು ಇಷ್ಟು ಬೇಗ ತನಗೂ ಬಂತೇ ಎಂದು ಹೆದರಿ ರಾಯರು ಕೌಂಟರ್ ಬಿಟ್ಟು ಮಹಡಿ ಹತ್ತಿದರು.

ಹೋಟೆಲಿನ ಮೇಲೆಯೇ ಮನೆ. ಮಗಳು ಪ್ರಜ್ಞಾ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಭಾನುವಾರವಾದ್ದರಿಂದ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಅಪ್ಪ ಬಂದು ಮಂಚದ ತುದಿಯಲ್ಲಿ ಕೂತು ತಡವರಿಸುತ್ತ ಎಲ್ಲ ಹೇಳಿದಾಗ ಅವಳು ಎದ್ದು ಕೂತಳು.

"ಯಾವ ಹಾಲ್ ಪಪ್ಪಾ?"

"ನಮ್ಮ ಟಾಕೀಸು ಮುಚ್ಚಿದ್ದಾರಲ್ಲ. ಮೆಟ್ರೋದಲ್ಲಿ ರಾಜೌರಿ ಗಾರ್ಡನ್ ಕಡೆ ಆ ಹೊಸ ಮಾಲಿಗೆ ಮೊದಲ ಸಲ ಹೋದೆ."

"ಅಕೇಲೇ? ಒಬ್ಬರೇ? ಇಂಟರ್ವಲ್‌ನಲ್ಲಿ ಹೊರಗೆ ಬಂದ್ರಾ?"

"ಪಾಪ್‌ಕಾರ್ನಿಗೆ ಕ್ಯೂ ಇತ್ತು. ಒಳಗೆ ಬರುವಾಗ ಕತ್ತಲಾಗಿ ಪಿಕ್ಚರ್ ಶುರುವಾಗಿತ್ತು. ಆದರೆ ನನ್ನ ಸೀಟಿನಲ್ಲೇ ಕೂತೆ. ಎಫ್ ಹನ್ನೆರಡು. ಖಾಲಿ ಇತ್ತು."

"ಪಕ್ಕದಲ್ಲಿ ಯಾರಿದ್ರು?"

"ಮೊದಲು ಒಂದು ಹುಡುಗಿ. ಆಮೇಲೆ ಸರ್ದಾರ್ಜಿ. ಜಾಗ ಬದಲಾಯಿಸಿಕೊಂಡಿರಬೇಕು ಅಂತ..."

ಪ್ರಜ್ಞಾ ನೆಲದ ಮೇಲೆ ಬಿದ್ದಿದ್ದ ಪೇಪರಿನ ಸಿನಿಮಾ ಪುಟ ತೆಗೆದು ಅಪ್ಪನ ತೊಡೆಯ ಮೇಲಿಟ್ಟಳು. ಒಂದೇ ಹೀರೋನ ಎರಡು ಜಾಹೀರಾತು: ಒಂದರಲ್ಲಿ ಉದ್ದ ಕೂದಲು, ಗಿಟಾರು; ಇನ್ನೊಂದರಲ್ಲಿ ಬೋಳಿಸಿದಂಥ ತಲೆ, ಸೈನಿಕನ ಬಟ್ಟೆ. "ಯೇ ದೇಖೋ. ಇದು ಪಿಛಲೇ ಹಫ್ತೆ, ಹೋದ ವಾರ ಬಂದದ್ದು, ಸೋಲ್ಜರ್‌ವಾಲೀ. ನೀವು ವಾಪಸ್ ಬರುವಾಗ ಪಕ್ಕದ ಸ್ಕ್ರೀನ್‌ಗೆ ಹೋದ್ರಿ. ಆಧಾ ಇದು, ಅರ್ಧ ಅದು!" ಎಂದು ದಿಂಬಿನ ಮೇಲೆ ಬಿದ್ದು ನಕ್ಕಳು. ಅಪ್ಪ ನಗದೆ ಕೂತಿದ್ದನ್ನು ಕಂಡು ನಿಲ್ಲಿಸಿದಳು.

ಮೂವತ್ತೊಂದು ವರ್ಷ ರಾಯರು ಸಿನಿಮಾ ನೋಡಿದ ಟಾಕೀಸುಗಳಲ್ಲಿ ಆರು ಬಾಗಿಲಿದ್ದರೂ ತೆರೆ ಒಂದೇ. ಇಂಟರ್ವಲ್‌ನಲ್ಲಿ ಹೊರಗೆ ಹೋದವನು ಯಾವ ಬಾಗಿಲಿಂದ ಒಳಗೆ ಬಂದರೂ ಬಿಟ್ಟಲ್ಲಿಂದಲೇ ಕಥೆ ಸಿಗುತ್ತಿತ್ತು. ಈಗಿನ ಸಿನಿಮಾಗಳ ತಲೆಬುಡ ಹೇಗೂ ತಿಳಿಯುವುದಿಲ್ಲವಾದ್ದರಿಂದ, ಅಪ್ಪನೇ ಬೇರೆಯವನಾದರೂ ಅವರಿಗೆ ಅನುಮಾನ ಬಂದಿರಲಿಲ್ಲ. ತಲೆ ಕೆಟ್ಟಿಲ್ಲ ಎಂಬ ಸಮಾಧಾನ ಒಂದು ನಿಮಿಷ ಇತ್ತು. ಮರುನಿಮಿಷವೇ ಫೋನಿನಲ್ಲಿ ಮಗನಿಗೆ ಹೇಳಿದ್ದು ನೆನಪಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಸುಮ್ಮನೆ ಬಂದು ಕೂರು ಎಂದು ಹೇಳಲು ಹೋಗಿ, ಸ್ಟೇಡಿಯಂ ತುಂಬ ಜನರ ಎದುರು ಕೈಮುಗಿದುಬಿಟ್ಟಿದ್ದರು.

"ನಾನು ಅವನ ಹತ್ರ ಕ್ಷಮೆ ಕೇಳಿದ ಹಾಗಾಯ್ತಲ್ಲ ಮಾರಾಯ್ತಿ!" ಎಂದು ಅಡುಗೆಮನೆಯಲ್ಲಿ ಚಂಪಾಳ ಮುಂದೆ ಗೋಳಾಡಿದರು.

ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಫೋನ್ ಮಾಡಿ ಹೇಳಿ. ಪಿಕ್ಚರ್ ತಪ್ಪಿತು, ನಾನು ಕೇಳಿದ್ದಲ್ಲ ಅಂತ."

"ಹಾಗೆ ಹೇಳ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ಹೇಳಬೇಡಿ."

"ಹೇಳದೆ ಇರ್ಲಿಕ್ಕೂ ಆಗುವುದಿಲ್ಲಲ್ಲ!"

"ನಿಮಗೆ ಎಂತ ಬೇಕು ಅಂತ ನಿಮಗೆ ಗೊತ್ತಾದ ಮೇಲೆ ನನಗೂ ಹೇಳಿ," ಎಂದು ಚಂಪಾ ಸೀರೆಗೆ ಕೈ ಒರೆಸಿಕೊಂಡು ಮೊಬೈಲು ಅವರ ಮುಂದೆ ಇಟ್ಟಳು.

ಹಿತೇಶ್ ಮೊದಲ ರಿಂಗಿಗೇ ಎತ್ತಿದ. "ನಾಳೆ ಬೆಳಿಗ್ಗೆ ಶೋಗೆ ಟಿಕೆಟ್ ತಗೊಂಡಿದ್ದೇನೆ ಪಪ್ಪಾ. ಸೋಮವಾರ ನಮ್ಮಲ್ಲಿ ರಷ್ ಇರೋದಿಲ್ಲ."

"ಇಂಟರ್ವಲ್ ತನಕ ನೋಡಿದರೂ ಸಾಕು," ಎಂದರು ರಾಯರು.

"ಆಮೇಲೆ ಇರೋದೇ ಮುಖ್ಯ ಅಂದ್ರಲ್ಲ?"

ಇಂಟರ್ವಲ್ ಆದ ಮೇಲೆ ಎದ್ದು ಪಕ್ಕದ ಹಾಲಿಗೆ ಹೋಗಿ ಕೂರು ಮಗನೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದರು. ಹುಚ್ಚು ಹಿಡಿದವರ ಮಾತಿನಂತೆ ಕೇಳಿಸಿತು. "ಅಂದೆ. ಹೌದು," ಎಂದರು.

"ನೀವು ಹೇಳಿದ ಪಿಕ್ಚರ್ ಒಂದೂ ನಾನು ಬಿಟ್ಟಿಲ್ಲ ಪಪ್ಪಾ. ಈ ಹದಿನಾಲ್ಕು ತಿಂಗಳೂ. ಪ್ರತಿ ಶನಿವಾರ ಮಮ್ಮಿಗೆ ಫೋನ್ ಮಾಡಿ, ಪಪ್ಪಾ ಎಂತ ಹೇಳಿದ್ರು ಅಂತ ಕೇಳ್ತಿದ್ದೆ."

ರಾಯರು ಚಂಪಾಳ ಕಡೆ ನೋಡಿದರು. ಅವಳು ಬೆನ್ನು ತಿರುಗಿಸಿ ಮತ್ತೊಂದು ಕಾಯಿ ಒಡೆಯುತ್ತಿದ್ದಳು.

ಸೋಮವಾರ ಬೆಳಿಗ್ಗೆಯಿಂದ ರಾಯರು ಒಂದು ವಾಕ್ಯವನ್ನು ಬಾಯಿಪಾಠ ಮಾಡಿದರು: ನೋಡು ಹಿತೇಶ, ನನಗೆ ಬಾಗಿಲು ತಪ್ಪಿತು, ನಾನು ಹೇಳಿದ್ದು ಬೇರೆಯದು. ಚಿಲ್ಲರೆ ಕೊಡುವಾಗ ಹೇಳಿಕೊಂಡರು, ಹಾಲಿನ ಭಯ್ಯಾ ಬಂದಾಗ ಹೇಳಿಕೊಂಡರು. ಒಮ್ಮೆ ಹೇಳಿದಾಗ ಗಟ್ಟಿಯಾಗಿ ನಿಂತ ವಾಕ್ಯ ಇನ್ನೊಮ್ಮೆ ಹೇಳುವಾಗ ನೀಚತನ ಅನಿಸುತ್ತಿತ್ತು. ಎರಡರಲ್ಲಿ ಯಾವುದು ನಿಜವಾದ ತಾನು ಎಂದು ಅವರಿಗೆ ಗೊತ್ತಾಗಲಿಲ್ಲ.

ಮೂರೂವರೆಯ ಹೊತ್ತಿಗೆ ಹಿತೇಶ್ ಬಂದ. ಒಳಗೆ ಐದಾರು ಜನ ಇದ್ದರು. ಮಧ್ಯಾಹ್ನದ ನಿದ್ದೆ ಎಂದೂ ಬಿಡದ ಕೃಷ್ಣಮೂರ್ತಿಗಳೂ ಆ ದಿನ ಮೊದಲ ಟೇಬಲಿನಲ್ಲಿದ್ದರು. ಕುತೂಹಲ ಹಿಡಿದ ನಿವೃತ್ತರಿಗೆ ನಿದ್ದೆ ಎಲ್ಲಿಯದು. ಹಿತೇಶ್ ಸ್ವಲ್ಪ ದಪ್ಪಗಾಗಿದ್ದ. ಕಣ್ಣು ಊದಿಕೊಂಡಿತ್ತು. ಕೌಂಟರಿನ ಮುಂದೆ ಬಂದು ನಿಂತ, ಗಿರಾಕಿಗಳು ಬಿಲ್ಲು ಕೊಡಲು ನಿಲ್ಲುವ ಜಾಗದಲ್ಲಿ.

"ನೋಡಿದೆ ಪಪ್ಪಾ," ಎಂದ. "ಅಷ್ಟೆಲ್ಲ ಯಾಕೆ? ನೀವು ಹಾಗೆ ಎಲ್ಲರೆದುರು ಕೈ ಮುಗಿಯೋದು ನನ್ನಿಂದ ನೋಡ್ಲಿಕ್ಕೆ ಆಗಲಿಲ್ಲ. ಎದ್ದು ಹೊರಗೆ ಬಂದುಬಿಟ್ಟೆ."

ನೀವು ಎಂದಿದ್ದ. ತೆರೆಯ ಮೇಲಿನವನಿಗೆ ನೀವು ಎಂದಿದ್ದ. ರಾಯರು ಬಾಯಿಪಾಠ ಮಾಡಿದ ವಾಕ್ಯಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಕೃಷ್ಣಮೂರ್ತಿಗಳು ಕಾಫಿ ಲೋಟ ಕೆಳಗಿಟ್ಟು, "ಏನಪ್ಪ ಹಿತೇಶ, ನೀನೂ ನೋಡಿದ್ಯಾ? ನೀನೇ ಹೇಳು, ನಿಮ್ಮಪ್ಪ ಹೇಳಿದ ಆ ಆಸ್ಪತ್ರೆ ಇತ್ತಾ ಅದರಲ್ಲಿ?" ಎಂದರು.

"ಯಾವ ಆಸ್ಪತ್ರೆ ಅಂಕಲ್?" ಎಂದು ಹಿತೇಶ್ ಅಪ್ಪನ ಕಡೆ ತಿರುಗಿದ.

ಹೇಳಬೇಕಾಗಿದ್ದುದು ಈಗಲೇ. ಇನ್ನು ತಡೆದರೆ ಮುಗಿಯಿತು. ತಾನು ಕೇಳಿಯೇ ಇಲ್ಲದ ಕ್ಷಮೆಯೊಂದನ್ನು ಮಗ ಎದೆಗೆ ಅಪ್ಪಿಕೊಂಡು ಬಂದು ನಿಂತಿದ್ದಾನೆ. ಅದನ್ನು ಕಿತ್ತುಕೊಳ್ಳುವುದು ಹೇಗೆ? ಕಿತ್ತುಕೊಳ್ಳದೆ ಇರುವುದು ಹೇಗೆ? ಸ್ಟೇಜು ಹತ್ತಿದ ಆ ಅಪ್ಪನನ್ನು ರಾಯರು ನೋಡಿಯೇ ಇರಲಿಲ್ಲ, ಆದರೂ ಅವನ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು. ಎಷ್ಟು ಸುಲಭವಾಗಿ ಹೇಳಿಬಿಟ್ಟ, ಮೈಕು ಹಿಡಿದುಕೊಂಡು!

"ಅದು ಬೇರೆ ಪಿಕ್ಚರ್ ಮಾರಾಯ್ರೆ," ಎಂದರು ರಾಯರು. ಮೂಲೆಯ ಟೇಬಲಿಗೂ ಕೇಳಿಸುವಷ್ಟು ದೊಡ್ಡದಾಗಿ ಬಂತು ದನಿ. "ನಾನು ಹೇಳಿದ್ದು ಇವ ನೋಡಿದ್ದನ್ನೇ."

"ಹಂಗಾದ್ರೆ ಆ ಸ್ಟೇಜಿನ ಸೀನು? ಮೊನ್ನೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ವಲ್ರೀ. ಅಪ್ಪ ಹಾಗೆ ಮಾಡಿದ್ದು ಸರಿ ಅಂತೀರಾ?"

"ಸರಿ," ಎಂದರು. ಹೋಟೆಲಿನಲ್ಲಿ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷ ಯಾವ ಸಿನಿಮಾದ ಬಗ್ಗೆಯೂ ಹೇಳಿರದ ಒಂದು ಮಾತನ್ನು ಹುಡುಕುವವರಂತೆ ತಡೆದು, ಮಗನ ಮುಖ ನೋಡುತ್ತ ಹೇಳಿದರು: "ಆ ಸೀನ್ ಇಂಟರ್ವಲ್‌ಗೆ ಮೊದಲೇ ಬರಬೇಕಿತ್ತು."

ಹಿತೇಶ್ ತಲೆ ತಗ್ಗಿಸಿದ. ಕೃಷ್ಣಮೂರ್ತಿಗಳು ಕಾಫಿ ಲೋಟ ಎತ್ತಿಕೊಂಡರು.

ರಾಯರು ಸ್ಟೂಲಿನಿಂದ ಇಳಿದು ಕೌಂಟರಿನ ಈಚೆಗೆ ಬಂದು, ಖಾಲಿಯಿದ್ದ ಟೇಬಲಿನ ಕುರ್ಚಿ ಎಳೆದರು. ಹಿತೇಶ್ ಕೂತ. ರಾಯರೂ ಎದುರಿಗೆ ಕೂತರು. ಯಜಮಾನರು ಗಿರಾಕಿಗಳ ಟೇಬಲಿನಲ್ಲಿ ಕೂತದ್ದನ್ನು ಎಂದೂ ಕಂಡಿರದ ಸಪ್ಲೈಯರ್ ಒಂದು ಗಳಿಗೆ ಹಿಂದೆ ಮುಂದೆ ನೋಡಿದ. ಆಮೇಲೆ ಎರಡು ಲೋಟ ನೀರು ತಂದಿಟ್ಟು, ಇನ್ನೇನು ಮಾಡಬೇಕೆಂದು ತಿಳಿಯದೆ ಇಬ್ಬರ ಮುಂದೆಯೂ ಒಂದೊಂದು ಮೆನು ಕಾರ್ಡ್ ಇಟ್ಟು ಹೋದ. ಇಬ್ಬರೂ ಅದನ್ನು ಬಿಡಿಸಿಕೊಂಡು, ಮೊದಲ ಸಾಲಿನಿಂದ ಒಂದೊಂದಾಗಿ ಓದತೊಡಗಿದರು.